ಹಳೆಯ ಎಂಪಿಎಫ್‌ಐ ಕಾರಿನ ಪೆಟ್ರೋಲ್ ಪೈಪ್ ಬದಲಾಯಿಸುವುದು: ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ ಸಮಗ್ರ ಮಾರ್ಗದರ್ಶಿ

ಹೊಸ ಪೈಪ್ ಹಾಕಿಸಿ ಎರಡು ತಿಂಗಳಾಗಿರುವುದಿಲ್ಲ, ಬೆಳಿಗ್ಗೆ ಕಾರಿನ ಹತ್ತಿರ ಹೋದರೆ ಮತ್ತೆ ಪೆಟ್ರೋಲ್ ವಾಸನೆ. ಎಸ್ಟೀಮ್, ಝೆನ್, ಮಾರುತಿ 800ರ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ) ಮಾದರಿಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಂದ ಪದೇ ಪದೇ ಬರುವ ದೂರು ಇದು. ಬಹುಪಾಲು ಕಾರಣ ಮೂರೇ. ಕಾರ್ಬ್ಯುರೇಟರ್ ಗಾಡಿಯ ಹೋಸನ್ನು (ರಬ್ಬರ್ ಪೈಪನ್ನು) ಇಂಜೆಕ್ಷನ್ ಗಾಡಿಗೆ ಹಾಕಿರುತ್ತಾರೆ. ನೀರಿನ ಪೈಪಿಗೆ ಬಿಗಿಯುವ ಕ್ಲಾಂಪನ್ನೇ ಇಲ್ಲೂ ಬಿಗಿದಿರುತ್ತಾರೆ. ತುಕ್ಕು ಹಿಡಿದ ಉಕ್ಕಿನ ಪೈಪಿನ ತುದಿಯ ಮೇಲೆಯೇ ಹೊಸ ರಬ್ಬರ್ ಕೂರಿಸಿರುತ್ತಾರೆ. ಹೊಸ ಹೋಸ್ ನಡುವೆ ಒಡೆಯುವುದು ಅಪರೂಪ. ಸೋರುವುದು ತುದಿಗಳಲ್ಲಿ.

ಕಾರ್ಬ್ಯುರೇಟರ್ ಕಾರಿನ ಪಂಪ್ ಕೊಡುವ ಒತ್ತಡ 0.2ರಿಂದ 0.3 ಬಾರ್. ಎಂಪಿಎಫ್‌ಐ ಕಾರಿನ ಲೈನಿನಲ್ಲಿ ಸುಮಾರು 2.5ರಿಂದ 3 ಬಾರ್, ಅಂದರೆ ಹತ್ತರಷ್ಟು. ಅಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕುವ ಬಿರುಕು ಇಲ್ಲಿ ಮಂಜಿನಂತೆ ಚಿಮ್ಮುತ್ತದೆ. ಚಿಮ್ಮಿದ ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೋ ಡಿಸ್ಟ್ರಿಬ್ಯೂಟರಿನ ಕಿಡಿಯ ಬಳಿಯೋ ಬಿದ್ದರೆ ಕಾರು ಉಳಿಯುವುದಿಲ್ಲ. ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ.

## ಮೊದಲು ನೋಡಬೇಕಾದ ಲಕ್ಷಣಗಳು

ಎಂಜಿನ್ ತಣ್ಣಗಿರುವಾಗ ಹೋಸನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿ. ಬಾಗಿದ ಹೊರಮೈಯಲ್ಲಿ ಕೂದಲೆಳೆಯಂಥ ಅಡ್ಡ ಬಿರುಕುಗಳು ಕಂಡರೆ ಅದರ ಆಯಸ್ಸು ಮುಗಿದಿದೆ. ಉಗುರಿನಿಂದ ಒತ್ತಿದರೆ ಅಚ್ಚು ಬೀಳದಷ್ಟು ಗಟ್ಟಿಯಾಗಿದ್ದರೂ ಅಷ್ಟೇ. ತೀರಾ ಮೆತ್ತಗಾಗಿ, ಕ್ಲಾಂಪಿನ ಎರಡೂ ಬದಿಗೆ ಉಬ್ಬಿಕೊಂಡಿದ್ದರೆ ಅದು ಇನ್ನೂ ಕೆಟ್ಟ ಸೂಚನೆ: ಪೆಟ್ರೋಲ್ ಒಳಪದರವನ್ನು ದಾಟಿ ನೂಲಿನ ಹೆಣಿಗೆಗೆ ಇಳಿದಿದೆ.

ಹೋಸಿನ ಮೇಲೆ ಒಂದೇ ಜಾಗದಲ್ಲಿ ಧೂಳು ಕಪ್ಪಾಗಿ ಅಂಟಿಕೊಂಡಿದ್ದರೆ ಅಲ್ಲಿ ಸಣ್ಣಗೆ ಒಸರುತ್ತಿದೆ ಎಂದು ತಿಳಿಯಿರಿ. ಪೆಟ್ರೋಲ್ ಆರಿಹೋಗಿ ಕಲೆ ಮಾತ್ರ ಉಳಿಯುತ್ತದೆ, ಹಾಗಾಗಿ ಒದ್ದೆ ಕಾಣಲಿಲ್ಲ ಎಂದು ಸಮಾಧಾನ ಪಡಬೇಡಿ. ಬೆಳಿಗ್ಗೆ ಸೆಲ್ಫ್ ತುಂಬ ಹೊತ್ತು ಹೊಡೆಯಬೇಕಾಗಿ ಬಂದು, ಆಮೇಲೆ ದಿನವಿಡೀ ಸರಿಯಿದ್ದರೆ, ರಾತ್ರಿ ಲೈನಿನ ಒತ್ತಡ ಎಲ್ಲೋ ಇಳಿದುಹೋಗುತ್ತಿದೆ. ಅದು ಹೋಸ್ ಇರಬಹುದು, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ಇಂಜೆಕ್ಟರ್ ಕೂಡ ಇರಬಹುದು. ಹತ್ತನೆಯ ಹಂತದಲ್ಲಿ ಇದನ್ನು ಬೇರ್ಪಡಿಸಿ ನೋಡುತ್ತೇವೆ.

ಕಾರಿನ ಅಡಿಯಲ್ಲಿ ಉಕ್ಕಿನ ಪೈಪುಗಳನ್ನು ಬಾಡಿಗೆ ಹಿಡಿದಿಟ್ಟ ಕ್ಲಿಪ್‌ಗಳ ಒಳಗೆ ನೋಡಿ. ಮಳೆನೀರು, ಕೆಸರು ಕೂತು ಪೈಪ್ ತಿನ್ನುವುದು ಅಲ್ಲಿಯೇ. ಕರಾವಳಿಯಲ್ಲಿ ಓಡಿದ ಕಾರಾದರೆ ಕ್ಲಿಪ್ ಬಿಚ್ಚದೆ ಪೈಪ್ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು.

## ಹಂತ 1: ಸರಿಯಾದ ಹೋಸ್ ಆರಿಸುವುದು

ಅಂಗಡಿಯಲ್ಲಿ ಬರೀ "ಪೆಟ್ರೋಲ್ ಪೈಪ್" ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎಸ್‌ಎಇ 30ಆರ್6 ಅಥವಾ 30ಆರ್7 ದರ್ಜೆಯದು. ಇವು ಕಡಿಮೆ ಒತ್ತಡದ ಹೋಸ್‌ಗಳು. ಇವುಗಳ ಕೆಲಸದ ಮಿತಿ ಸುಮಾರು 50 ಪಿಎಸ್‌ಐ, ಅಂದರೆ 3.4 ಬಾರ್. ಲೆಕ್ಕಕ್ಕೆ 3 ಬಾರ್ ಅದರೊಳಗೆ ಬರುತ್ತದಲ್ಲ ಎಂದು ಅನಿಸಬಹುದು. ಆದರೆ ಎಂಜಿನ್ ಕೋಣೆಯ ಬಿಸಿ, ಇಂಜೆಕ್ಟರ್‌ಗಳ ಮಿಡಿತ, ರಿಟರ್ನ್ (ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ಲೈನ್) ಎಲ್ಲಿಯಾದರೂ ಕಟ್ಟಿಕೊಂಡರೆ ಏರುವ ಒತ್ತಡ ಇವೆಲ್ಲ ಸೇರಿದಾಗ ಆ ಮಿತಿಯಲ್ಲಿ ಏನೂ ಉಳಿಯುವುದಿಲ್ಲ.

ಬೇಕಾದದ್ದು 30ಆರ್9. ನಮ್ಮ ಕಾರುಗಳ ಅಳತೆಯಲ್ಲಿ ಇದರ ಕೆಲಸದ ಮಿತಿ 100 ಪಿಎಸ್‌ಐ, ಸುಮಾರು 7 ಬಾರ್. ಒಳಪದರ ಫ್ಲೋರೋ ರಬ್ಬರಿನದು. ಈ ಒಳಪದರ ಈಗ ಮೊದಲಿಗಿಂತ ಮುಖ್ಯ, ಏಕೆಂದರೆ ಬಂಕಿನಲ್ಲಿ ಸಿಗುತ್ತಿರುವುದು ಇ20. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಈ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. 2000ದ ಸುಮಾರಿನ ಕಾರುಗಳ ರಬ್ಬರನ್ನು ಇಷ್ಟು ಎಥನಾಲ್‌ಗೆಂದು ಆರಿಸಿರಲಿಲ್ಲ. ಎಥನಾಲ್ ಹಳೆಯ ನೈಟ್ರೈಲ್ ರಬ್ಬರನ್ನು ಉಬ್ಬಿಸುತ್ತದೆ, ಅದನ್ನು ಮೆತ್ತಗಿಟ್ಟ ಎಣ್ಣೆಯ ಅಂಶವನ್ನು ತೊಳೆದು ತೆಗೆಯುತ್ತದೆ. ಕಾರು ಒಂದು ತಿಂಗಳು ನಿಂತು ಹೋಸ್ ಒಣಗಿದಾಗ ಅದು ಬಿರುಕು ಬಿಡುತ್ತದೆ.

ಖರೀದಿಸುವಾಗ ಹೋಸಿನ ಉದ್ದಕ್ಕೂ ದರ್ಜೆ, ಒಳ ಅಳತೆ, ತಯಾರಿಸಿದ ವರ್ಷ ಅಚ್ಚಾಗಿದೆಯೇ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ, ಬರಹವೇ ಇಲ್ಲದ ಹೋಸನ್ನು "ಇದೂ ಅದೇ ಸಾರ್" ಎಂದು ಕೊಟ್ಟರೆ ಬಿಟ್ಟು ಬನ್ನಿ. ಕಪಾಟಿನಲ್ಲಿ ನಾಲ್ಕೈದು ವರ್ಷ ಕೂತ ಸರಕೂ ಬೇಡ. ಪಾರದರ್ಶಕ ಪಿವಿಸಿ ಪೈಪನ್ನು ಯಾವ ಕಾರಣಕ್ಕೂ, ರಿಟರ್ನ್ ಲೈನಿಗೂ ಹಾಕಬೇಡಿ.

ಅಳತೆಯನ್ನು ಹಳೆಯ ಹೋಸಿನಿಂದ ತೆಗೆಯಬೇಡಿ, ಅದು ಉಬ್ಬಿರುತ್ತದೆ. ಉಕ್ಕಿನ ಪೈಪಿನ ಹೊರ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯಿರಿ. 8 ಮಿ.ಮೀ. ಪೈಪಿಗೆ 7.5 ಅಥವಾ 7.9 ಮಿ.ಮೀ. ಒಳ ಅಳತೆಯ ಹೋಸ್ ಸರಿ. ಕೈಯಲ್ಲಿ ಒತ್ತಿದರೆ ಸಲೀಸಾಗಿ ಜಾರಿ ಕೂರುವ ಹೋಸ್ ದೊಡ್ಡದಾಯಿತು ಎಂದರ್ಥ. ಕ್ಲಾಂಪ್ ಬಿಗಿದು ಅದನ್ನು ಸರಿಮಾಡಲಾಗದು.

ಕೆಲವು ಹೋಸ್‌ಗಳು ತುದಿಯಲ್ಲಿ ಲೋಹದ ಫಿಟಿಂಗ್ ಒತ್ತಿ ಸೇರಿಸಿದ ಸ್ಥಿತಿಯಲ್ಲೇ ಕಾರ್ಖಾನೆಯಿಂದ ಬಂದಿರುತ್ತವೆ. ಅಂಥದ್ದಕ್ಕೆ ಅಸಲಿ ಭಾಗವೇ ಬೇಕು. ಆ ಫಿಟಿಂಗ್ ಕತ್ತರಿಸಿ, ಉಳಿದ ನಯವಾದ ತುಂಡಿನ ಮೇಲೆ ಹೋಸ್ ತುರುಕಿ ಕ್ಲಾಂಪ್ ಹಾಕಿದರೆ ಅದು ಒಂದು ದಿನ ಕಳಚುತ್ತದೆ.

## ಹಂತ 2: ಕ್ಲಾಂಪ್ ಮತ್ತು ಉಪಕರಣಗಳು

ಪಟ್ಟಿಯಲ್ಲಿ ಸಾಲು ಸಾಲು ತೂತು ಇರುವ ವರ್ಮ್ ಕ್ಲಾಂಪ್ ಇಲ್ಲಿ ಬೇಡ. ಬಿಗಿದಂತೆಲ್ಲ ರಬ್ಬರ್ ಆ ತೂತುಗಳೊಳಗೆ ನುಗ್ಗುತ್ತದೆ, ಪಟ್ಟಿಯ ಅಂಚು ಅದನ್ನು ಕೊಯ್ಯುತ್ತದೆ. ಇಷ್ಟು ಸಣ್ಣ ಅಳತೆಯಲ್ಲಿ ಅದು ದುಂಡಗೂ ಬಿಗಿಯುವುದಿಲ್ಲ. ಸ್ಕ್ರೂ ಇರುವ ಕಡೆ ಹೋಸಿಗೂ ಪಟ್ಟಿಗೂ ನಡುವೆ ಸಂದು ಉಳಿಯುತ್ತದೆ. ತೂತಿಲ್ಲದ ಪಟ್ಟಿ, ಹೊರಕ್ಕೆ ಮಡಚಿದ ಅಂಚು, ಸಣ್ಣ ನಟ್ಟು-ಬೋಲ್ಟು ಇರುವ ಫ್ಯುಯಲ್ ಇಂಜೆಕ್ಷನ್ ಕ್ಲಾಂಪನ್ನೇ ತನ್ನಿ. ಹೋಸಿನ ಹೊರ ವ್ಯಾಸ ಸುಮಾರು 14 ಮಿ.ಮೀ. ಇದ್ದರೆ 13–15 ಮಿ.ಮೀ. ಕ್ಲಾಂಪ್ ಸರಿಹೊಂದುತ್ತದೆ.

ರಬ್ಬರ್ ಭಾಗಗಳನ್ನಷ್ಟೇ ಬದಲಿಸುವುದಾದರೆ ಸಾಮಾನ್ಯವಾಗಿ ಫೀಡ್ (ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಲೈನ್) ಅಳತೆಯ 2 ಮೀಟರ್, ರಿಟರ್ನ್ ಅಳತೆಯ 2 ಮೀಟರ್ ಹೋಸ್ ಸಾಕು. ಪ್ರತಿ ಹೋಸಿಗೆ ಎರಡರಂತೆ ಕ್ಲಾಂಪ್ ಎಣಿಸಿ, ಮೇಲೆ ನಾಲ್ಕು ಹೆಚ್ಚಿಗೆ ತನ್ನಿ. ಜೊತೆಗೆ ಹೊಸ ಫ್ಯುಯಲ್ ಫಿಲ್ಟರ್, ಬ್ಯಾಂಜೋ ಬೋಲ್ಟಿನ (ಪೆಟ್ರೋಲ್ ಹಾಯಲು ಒಳಗೆ ತೂತಿರುವ ಬೋಲ್ಟ್) ವಾಷರ್‌ಗಳು, ಇಂಜೆಕ್ಟರ್ ಓ-ರಿಂಗ್‌ಗಳು.

ಉಪಕರಣಗಳಲ್ಲಿ ತಪ್ಪದೆ ಬೇಕಾದದ್ದು ಫ್ಲೇರ್ ನಟ್ ಸ್ಪ್ಯಾನರ್, ಅಂದರೆ ಪೈಪ್ ತೂರುವಷ್ಟು ಸಂದು ಬಿಟ್ಟ ರಿಂಗ್ ಸ್ಪ್ಯಾನರ್. ಸಾಮಾನ್ಯ ರಿಂಗ್ ಸ್ಪ್ಯಾನರ್ ಪೈಪಿನ ಮೇಲೆ ಏರುವುದಿಲ್ಲ, ಬಾಯಿ ಸ್ಪ್ಯಾನರ್ ಹಳೆಯ ನಟ್ಟಿನ ಮೂಲೆಗಳನ್ನು ಉರುಟು ಮಾಡುತ್ತದೆ. 0–7 ಬಾರ್ ಪ್ರೆಶರ್ ಗೇಜ್ ಮತ್ತು ಟೀ ಅಡಾಪ್ಟರ್, ಹೋಸ್ ಕಟರ್ ಅಥವಾ ಹೊಸ ಬ್ಲೇಡ್, ನೈಟ್ರೈಲ್ ಕೈಗವಸು, ಕಣ್ಣಿನ ಕನ್ನಡಕ, ಮುಚ್ಚಳವಿರುವ ಲೋಹದ ಡಬ್ಬಿ, ಎರಡು ಆ್ಯಕ್ಸಲ್ ಸ್ಟ್ಯಾಂಡ್, ಬ್ಯಾಟರಿಯ ಎಲ್‌ಇಡಿ ದೀಪ. ಕನಿಷ್ಠ 2 ಕೆ.ಜಿ.ಯ ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವಂತೆ ಇರಲಿ, ಡಿಕ್ಕಿಯೊಳಗಲ್ಲ.

## ಹಂತ 3: ಜಾಗ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಕೂರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಸರ್ವಿಸ್ ಗುಂಡಿ, ಮನೆಯ ಕೆಳಗಿನ ನೆಲಮಾಳಿಗೆ ಎರಡೂ ಅಪಾಯ. ಬಯಲಿನಲ್ಲಿ, ನೆರಳಿನಲ್ಲಿ ಮಾಡಿ. ಗ್ಯಾಸ್ ಗೀಸರ್ ಇರುವ ಗೋಡೆಯ ಪಕ್ಕ ಬೇಡ. ಶೆಡ್ಡಿನ ದೇವರ ಫೋಟೊ ಮುಂದಿನ ದೀಪ, ಊದುಬತ್ತಿಗಳನ್ನು ಆ ದಿನ ಹಚ್ಚಬೇಡಿ. ತಂತಿಯ ಬಲ್ಬ್ ಕೈಜಾರಿ ಒಡೆದರೆ ಅದೇ ಕಿಡಿಯಾಗುತ್ತದೆ.

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರುವ ದಿನ ಆರಿಸಿಕೊಳ್ಳಿ. ಟ್ಯಾಂಕ್ ಇಳಿಸುವುದು ಹಗುರ, ಪೈಪ್ ಬಿಚ್ಚಿದಾಗ ಸೋರುವುದೂ ಕಡಿಮೆ.

## ಹಂತ 4: ಒತ್ತಡ ಇಳಿಸುವುದು

ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಆದರೂ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ. ಸುಮ್ಮನೆ ಕ್ಲಾಂಪ್ ಸಡಿಲಿಸಿದರೆ ಪೆಟ್ರೋಲ್ ನೇರ ಮುಖಕ್ಕೆ ಬರುತ್ತದೆ.

ಪೆಟ್ರೋಲ್ ಕ್ಯಾಪ್ ತೆಗೆದು ಟ್ಯಾಂಕಿನ ಆವಿ ಬಿಡಿ, ಮತ್ತೆ ಮುಚ್ಚಿ. ಫ್ಯುಯಲ್ ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ. ಅದು ತಾನಾಗಿ ನಿಲ್ಲುವವರೆಗೆ ಬಿಡಿ, ಆಮೇಲೆ ಮೂರು ಸಲ, ಪ್ರತಿ ಸಲ ಮೂರು ಸೆಕೆಂಡಿನಷ್ಟು ಸೆಲ್ಫ್ ಹೊಡೆಯಿರಿ. ಕೀ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಇಷ್ಟಾದರೂ ಮೊದಲ ಜೋಡಣೆಯನ್ನು ಬಿಚ್ಚುವಾಗ ಸುತ್ತ ಬಟ್ಟೆ ಸುತ್ತಿಕೊಳ್ಳಿ. ಸ್ವಲ್ಪ ಪೆಟ್ರೋಲ್ ಬಂದೇ ಬರುತ್ತದೆ.

## ಹಂತ 5: ಟ್ಯಾಂಕಿನ ಕಡೆಯಿಂದ ಶುರು

ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ ಎಂದು ಬಹಳ ಜನ ಬಾನೆಟ್ ಕೆಳಗಿನ ಹೋಸಿನಿಂದ ಆರಂಭಿಸುತ್ತಾರೆ. ಹಿಂದಿನಿಂದ ಮುಂದಕ್ಕೆ ಬರುವುದೇ ಸರಿ. ಟ್ಯಾಂಕ್, ಉಕ್ಕಿನ ಪೈಪ್ ಕೆದಕಿದಾಗ ತುಕ್ಕು, ಕಸ ಏಳುತ್ತವೆ. ಮುಂದಿನ ಹೋಸ್ ಆಗಲೇ ಕೂರಿಸಿದ್ದರೆ ಆ ಕಸ ಸೀದಾ ಇಂಜೆಕ್ಟರ್ ಸೇರುತ್ತದೆ.

ಬಿಚ್ಚುವ ಮೊದಲು ಎಲ್ಲ ಜೋಡಣೆಗಳ ಫೋಟೊ ತೆಗೆಯಿರಿ. ಫೀಡಿಗೆ ಒಂದು ಬಣ್ಣ, ರಿಟರ್ನಿಗೆ ಇನ್ನೊಂದು, ಆವಿ ಹೋಗುವ ಪೈಪಿಗೆ ಮತ್ತೊಂದು ಬಣ್ಣದ ಟೇಪ್ ಸುತ್ತಿ. ಒಂದು ಹೋಸ್ ಬಿಚ್ಚಿ, ಅದನ್ನು ಬದಲಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಫೀಡ್ ಮತ್ತು ರಿಟರ್ನ್ ಅದಲು ಬದಲಾದರೆ ಪಂಪ್, ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ತಪ್ಪು ಬದಿಗೆ ಒತ್ತುತ್ತದೆ. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಪಂಪ್ ಮಾತ್ರ ಹಿಂಸೆ ಪಡುತ್ತದೆ.

ಈ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೆ ಇರುತ್ತದೆ. ಅಲ್ಲಿ ಪಂಪಿಗೂ ಮೇಲಿನ ಪ್ಲೇಟಿಗೂ ನಡುವೆ ಗೇಣಿಗಿಂತ ಕಡಿಮೆ ಉದ್ದದ ಒಂದು ಹೋಸ್ ಇದೆ, ಎಲ್ಲರೂ ಮರೆಯುವುದು ಇದನ್ನೇ. ಇದಕ್ಕೆ 30ಆರ್9 ಆಗುವುದಿಲ್ಲ. ಅದರ ಒಳಪದರ ಪೆಟ್ರೋಲ್ ತಡೆಯುತ್ತದೆ, ಹೊರಕವಚ ತಡೆಯುವುದಿಲ್ಲ; ಪೆಟ್ರೋಲಿನಲ್ಲೇ ಮುಳುಗಿದ್ದರೆ ಕೆಲವು ತಿಂಗಳಲ್ಲಿ ಊದಿ ಚೂರು ಚೂರಾಗಿ ಪಂಪಿನ ಜಾಲರಿ ಕಟ್ಟುತ್ತದೆ. ಇಲ್ಲಿಗೆ ಮುಳುಗಿಸಲೆಂದೇ ಮಾಡಿದ 30ಆರ್10 ಬೇಕು. ಬೆಲೆ ಹಲವು ಪಟ್ಟು ಹೆಚ್ಚು, ಆದರೆ ಬೇಕಿರುವುದು ಸಣ್ಣ ತುಂಡು. ಈ ಹೋಸ್ ಸೀಳಿದರೆ ಹೊರಗೆ ಹನಿಯೂ ಬೀಳುವುದಿಲ್ಲ, ಒತ್ತಡ ಮಾತ್ರ ಕುಸಿಯುತ್ತದೆ. ಪಂಪ್ ಕೆಟ್ಟಿತೆಂದು ಹೊಸ ಪಂಪ್ ಹಾಕಿ, ಅದಕ್ಕೂ ಹಳೆಯ ಹೋಸನ್ನೇ ಜೋಡಿಸಿ ಸೋತವರು ಬಹಳ.

ಟ್ಯಾಂಕ್ ಇಳಿಸಿದ್ದಾಗಲೇ ಫಿಲ್ಲರ್ ಹೋಸ್, ಗಾಳಿಯ ಹೋಸ್, ಆವಿಯ ಹೋಸ್‌ಗಳನ್ನೂ ಬದಲಿಸಿಬಿಡಿ.

## ಹಂತ 6: ಉಕ್ಕಿನ ಪೈಪ್

ಕ್ಲಿಪ್ ಬಿಚ್ಚಿ, ಮೇಲಿನ ತುಕ್ಕನ್ನು ಬಟ್ಟೆಯಿಂದ ಒರೆಸಿ ನೋಡಿ. ಕಂದು ಪುಡಿ ಹೋಗಿ ನಯವಾದ ಲೋಹ ಸಿಕ್ಕರೆ ಪೈಪ್ ಉಳಿಸಿಕೊಳ್ಳಬಹುದು. ಗುಳಿ ಬಿದ್ದಿದ್ದರೆ, ಪದರ ಏಳುತ್ತಿದ್ದರೆ ಬದಲಿಸಬೇಕು. ನಡುವೆ ಕತ್ತರಿಸಿ ಉದ್ದದ ರಬ್ಬರ್ ಹೋಸ್ ಹಾಕಿ ತೇಪೆ ಹಚ್ಚಬೇಡಿ; ಕಾರಿನಡಿಯ ಕಲ್ಲೇಟಿಗೆ ರಬ್ಬರ್ ನಿಲ್ಲುವುದಿಲ್ಲ.

ಹೊಸ ಪೈಪಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹ ಒಳ್ಳೆಯದು: ತುಕ್ಕು ಹಿಡಿಯುವುದಿಲ್ಲ, ಸುಲಭವಾಗಿ ಬಾಗುತ್ತದೆ. ಬರೀ ತಾಮ್ರ ಬೇಡ. ಅದು ಅಲುಗಾಟಕ್ಕೆ ಗಡಸಾಗಿ ಬಿರುಕು ಬಿಡುತ್ತದೆ, ಪೆಟ್ರೋಲ್ ಬೇಗ ಅಂಟಾಗಲೂ ಕಾರಣವಾಗುತ್ತದೆ. ಹಳೆಯ ಪೈಪನ್ನು ಅಖಂಡವಾಗಿ ತೆಗೆದು ನೆಲದ ಮೇಲೆ ಮಾದರಿಯಾಗಿಟ್ಟುಕೊಂಡು ಬೆಂಡರ್‌ನಲ್ಲಿ ಬಗ್ಗಿಸಿ. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾದರೆ ಪೈಪ್ ಚಪ್ಪಟೆಯಾಗುತ್ತದೆ.

ಹೋಸ್ ಕೂರುವ ತುದಿಗೆ ಉಂಗುರದಂಥ ಉಬ್ಬು ಕಡ್ಡಾಯ. ಕಾರ್ಖಾನೆಯ ಪೈಪಿನಲ್ಲಿ ಅದು ಇರುತ್ತದೆ, ನೀವು ಕತ್ತರಿಸಿದ ಪೈಪಿನಲ್ಲಿ ಇರುವುದಿಲ್ಲ. ಪೈಪಿನ ತುದಿ ಅರಳಿಸುವ ಫ್ಲೇರಿಂಗ್ ಉಪಕರಣದಲ್ಲಿ, ಎರಡು ಒತ್ತಿನ ಡಬಲ್ ಫ್ಲೇರಿನ ಮೊದಲ ಒತ್ತನ್ನಷ್ಟೇ ಕೊಟ್ಟು ನಿಲ್ಲಿಸಿದರೆ ಬೇಕಾದ ಉಬ್ಬು ಬರುತ್ತದೆ. ನಯವಾದ ಪೈಪಿನ ಮೇಲೆ 3 ಬಾರ್ ಒತ್ತಡದ ಹೋಸನ್ನು ಕ್ಲಾಂಪ್ ಒಂದೇ ಹಿಡಿದಿಡಲಾರದು.

ಉಳಿಸಿಕೊಂಡ ಪೈಪನ್ನು ಎರಡೂ ತುದಿ ಬಿಚ್ಚಿದ ಸ್ಥಿತಿಯಲ್ಲಿ, ಎಂಜಿನ್ ಕಡೆಯಿಂದ ಹಿಂದಕ್ಕೆ ಕಡಿಮೆ ಒತ್ತಡದ ಗಾಳಿ ಊದಿ ತೊಳೆಯಿರಿ. ಇನ್ನೊಂದು ತುದಿಗೆ ಬಿಳಿ ಬಟ್ಟೆ ಹಿಡಿಯಿರಿ. ಬಟ್ಟೆಯ ಮೇಲೆ ಕಂದು ಕಣ ಬರುವುದು ನಿಂತ ಮೇಲೆಯೇ ಫಿಲ್ಟರ್ ಹಾಕಿ.

## ಹಂತ 7: ಹೋಸ್ ಕೂರಿಸುವುದು

ಇಡೀ ಕೆಲಸದ ಜೀವ ಈ ಹಂತದಲ್ಲಿದೆ, ಅವಸರ ಬೇಡ.

ಹಳೆಯ ಹೋಸನ್ನು ಎಳೆದು ತಿರುಚಿ ಕೀಳಬೇಡಿ, ಪೈಪ್ ಬಾಗುತ್ತದೆ. ಹೋಸಿನ ಉದ್ದಕ್ಕೆ ಬ್ಲೇಡಿನಲ್ಲಿ ನೂಲಿನ ಪದರದವರೆಗೆ ಮಾತ್ರ ಸೀಳಿ, ಉಳಿದದ್ದನ್ನು ಕೈಯಲ್ಲಿ ಸಿಪ್ಪೆಯಂತೆ ಸುಲಿಯಿರಿ. ಬ್ಲೇಡ್ ಲೋಹಕ್ಕೆ ತಾಗಿ ಉದ್ದನೆಯ ಗೀರು ಬಿದ್ದರೆ ಆ ಗೀರೇ ಪೆಟ್ರೋಲಿಗೆ ಕಾಲುವೆಯಾಗುತ್ತದೆ. ಎಷ್ಟು ಬಿಗಿದರೂ ಒಸರುವುದು ನಿಲ್ಲದು.

ಪೈಪಿನ ತುದಿಯ 30 ಮಿ.ಮೀ. ಭಾಗವನ್ನು 600 ನಂಬರಿನ ಪಾಲಿಶ್ ಕಾಗದದಲ್ಲಿ ಸುತ್ತಲೂ, ಅಡ್ಡಕ್ಕೆ ಉಜ್ಜಿ. ಉದ್ದಕ್ಕೆ ಉಜ್ಜಬೇಡಿ. ಉಜ್ಜುವಾಗ ಪೈಪಿನ ಬಾಯಿ ಮುಚ್ಚಿರಲಿ. ಬೆರಳಾಡಿಸಿದರೆ ಉಬ್ಬಿನ ಹೊರತು ಬೇರೇನೂ ತಾಗಬಾರದು.

ಹೋಸನ್ನು ನೇರವಾಗಿ, ಒಂದೇ ಏಟಿಗೆ ಕತ್ತರಿಸಿ. ಗರಗಸ, ಕತ್ತರಿ ಬಳಸಿದರೆ ರಬ್ಬರಿನ ಪುಡಿ, ನೂಲಿನ ಎಳೆ ಒಳಗೇ ಉಳಿಯುತ್ತವೆ. ಕತ್ತರಿಸಿದ ಮೇಲೆ ಗಾಳಿ ಊದಿ, ಬೆಳಕಿಗೆ ಹಿಡಿದು ಒಳಗೆ ನೋಡಿ.

ಕ್ಲಾಂಪನ್ನು ಮೊದಲೇ ಹೋಸಿಗೆ ಏರಿಸಿಕೊಳ್ಳಿ. ಪೈಪಿನ ತುದಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ. ಗ್ರೀಸ್, ಸಿಲಿಕೋನ್, ಗ್ಯಾಸ್ಕೆಟ್ ಅಂಟು ಯಾವುದೂ ಬೇಡ. ಹೋಸನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ 25–30 ಮಿ.ಮೀ. ಒಳಗೆ ಹೋಗುವಂತೆ ಒತ್ತಿ. ಪೈಪಿನ ಅಂಚು ಚೂಪಾಗಿದ್ದರೆ ಒಳಪದರದ ತೆಳ್ಳನೆಯ ಸಿಪ್ಪೆ ಎದ್ದು ಬಾಯಿಯ ಬಳಿ ಕವಾಟದ ಹಾಗೆ ನಿಲ್ಲುತ್ತದೆ. ಎಂಜಿನ್ ಐಡಲ್‌ನಲ್ಲಿ ಸರಿಯಿದ್ದು, ಏರಿನಲ್ಲಿ ಸೊರಗಿದರೆ ಇದನ್ನೂ ಅನುಮಾನಿಸಿ.

ಕ್ಲಾಂಪ್ ಉಬ್ಬಿನ ಮೇಲೆ ಕೂರಬಾರದು. ಉಬ್ಬು ದಾಟಿ, ಅದಕ್ಕೂ ಹೋಸಿನ ತುದಿಗೂ ನಡುವಿನ ಭಾಗದಲ್ಲಿ, ತುದಿಯಿಂದ 3 ಮಿ.ಮೀ. ಒಳಗೆ ಇರಲಿ. ಪಟ್ಟಿಯ ಅಂಚಿನ ಮಟ್ಟಕ್ಕೆ ರಬ್ಬರ್ ಮೆಲ್ಲಗೆ ಉಬ್ಬಿ ಬಂದಾಗ ನಿಲ್ಲಿಸಿ. ಇನ್ನೂ ಅರ್ಧ ಸುತ್ತು ಇರಲಿ ಎಂಬ ಆಸೆಯೇ ಒಳಪದರವನ್ನು ಕತ್ತರಿಸುವುದು. ಒಂದೇ ತುದಿಗೆ ಎರಡು ಕ್ಲಾಂಪ್ ಹಾಕುವುದರಿಂದಲೂ ಲಾಭವಿಲ್ಲ.

ಎಕ್ಸಾಸ್ಟಿನಿಂದ ಕನಿಷ್ಠ 50 ಮಿ.ಮೀ. ದೂರ ಇರಲಿ, ಅಷ್ಟು ಜಾಗವಿಲ್ಲದಿದ್ದರೆ ಶಾಖ ತಡೆಯುವ ತೋಳು ಹಾಕಿ. ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ. ಇವೆರಡರ ನಡುವಿನ ಹೋಸಿಗೆ ಬಾಗು ಉಳಿಯುವಷ್ಟು ಉದ್ದ ಬಿಡಿ.

ನೈಲಾನ್ ಪೈಪ್ ಇರುವ ಕಾರಾದರೆ ಈ ವಿಧಾನ ಸಲ್ಲದು. ನೈಲಾನ್ ಮೇಲೆ ರಬ್ಬರ್ ಹೋಸ್ ತೊಡಿಸಿ ಕ್ಲಾಂಪ್ ಬಿಗಿದರೆ ಕಾಲಕ್ರಮೇಣ ನೈಲಾನ್ ಕುಗ್ಗಿ ಜೋಡಣೆ ಸಡಿಲವಾಗುತ್ತದೆ.

## ಹಂತ 8: ಫಿಲ್ಟರ್

ಬಾಣದ ಗುರುತು ಎಂಜಿನ್ ಕಡೆಗೆ. ಬ್ಯಾಂಜೋ ಬೋಲ್ಟ್ ಇದ್ದರೆ ಎರಡೂ ಬದಿಗೆ ಹೊಸ ವಾಷರ್. ಒಮ್ಮೆ ಒತ್ತಿಹೋದ ವಾಷರ್ ಮತ್ತೆ ಮುಚ್ಚುವುದಿಲ್ಲ. ಬಿಗಿಯುವಾಗ ಫಿಲ್ಟರಿನ ಕುತ್ತಿಗೆಯನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದಿರಿ.

## ಹಂತ 9: ರೇಲ್ ಮತ್ತು ಇಂಜೆಕ್ಟರ್

ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಬಿಚ್ಚುವ ಮೊದಲು ಇಂಜೆಕ್ಟರ್ ಬುಡದ ಮಣ್ಣನ್ನು ಗಾಳಿ ಊದಿ ತೆಗೆಯಿರಿ, ಇಲ್ಲವಾದರೆ ಅದು ವಾಲ್ವಿನ ಮೇಲೆ ಬೀಳುತ್ತದೆ. ಮೇಲಿನ ಓ-ರಿಂಗ್ ಪೆಟ್ರೋಲನ್ನು ಹಿಡಿಯುತ್ತದೆ, ಕೆಳಗಿನ ಸೀಲ್ ಗಾಳಿಯನ್ನು. ಎರಡನ್ನೂ ಬದಲಿಸಿ, ಮೇಲಿನದು ಫ್ಲೋರೋ ರಬ್ಬರಿನದೇ ಆಗಿರಲಿ. ಓ-ರಿಂಗಿಗೆ ಎಂಜಿನ್ ಆಯಿಲ್ ಸವರಿ, ರೇಲನ್ನು ಎಲ್ಲ ಇಂಜೆಕ್ಟರ್‌ಗಳ ಮೇಲೂ ಸಮವಾಗಿ ಒತ್ತಿ. ಬೋಲ್ಟ್ ಬಿಗಿದ ಮೇಲೆ ಪ್ರತಿ ಇಂಜೆಕ್ಟರ್ ಬೆರಳಿನಲ್ಲಿ ತಿರುಗಬೇಕು. ತಿರುಗದಿದ್ದರೆ ಓ-ರಿಂಗ್ ಮಡಚಿದೆ, ಬಿಚ್ಚಿ ನೋಡಿ.

ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸನ್ನು ಕಿತ್ತು ಮೂಸಿ. ಒಳಗೆ ಪೆಟ್ರೋಲ್ ಇದ್ದರೆ ರೆಗ್ಯುಲೇಟರಿನೊಳಗಿನ ಡಯಾಫ್ರಮ್ (ತೆಳು ಪರದೆ) ಹರಿದಿದೆ.

1980ರ ದಶಕದ ಮರ್ಸಿಡಿಸ್ 190ಇಯಂಥ, ಬಾಷ್ ಕೆಇ-ಜೆಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ ಇರುವ ಕಾರುಗಳಿಗೆ ಇಲ್ಲಿ ಒಂದು ಎಚ್ಚರಿಕೆ. ಅವುಗಳ ಒತ್ತಡ 5 ಬಾರ್ ದಾಟುತ್ತದೆ. ಪಂಪಿನಿಂದ ಮುಂದಿನ ಯಾವ ಭಾಗಕ್ಕೂ ಹೋಸ್-ಕ್ಲಾಂಪ್ ಜೋಡಣೆ ಕೂಡದು; ಒತ್ತಿ ಸೇರಿಸಿದ ಫಿಟಿಂಗ್‌ಗಳ ಲೈನನ್ನೇ ತರಿಸಬೇಕು ಅಥವಾ ಹೈಡ್ರಾಲಿಕ್ ಹೋಸ್ ಮಾಡುವವರಲ್ಲಿ ಪೆಟ್ರೋಲಿಗೆ ಒಗ್ಗುವ ಹೋಸ್ ಕೊಟ್ಟು ಮಾಡಿಸಬೇಕು.

## ಹಂತ 10: ಸ್ಟಾರ್ಟ್ ಮಾಡುವ ಮೊದಲಿನ ಪರೀಕ್ಷೆ

ಟೀ ಅಡಾಪ್ಟರ್‌ನಿಂದ ಪ್ರೆಶರ್ ಗೇಜನ್ನು ಫೀಡ್ ಲೈನಿಗೆ ಸೇರಿಸಿ. ಚೆಲ್ಲಿದ ಪೆಟ್ರೋಲ್ ಪೂರ್ತಿ ಆರಿ, ಒದ್ದೆ ಬಟ್ಟೆಗಳನ್ನು ದೂರ ಹಾಕಿದ ಮೇಲೆ ರಿಲೇ ಮತ್ತು ಬ್ಯಾಟರಿ ಜೋಡಿಸಿ. ಇಗ್ನಿಷನ್ ಆನ್ ಮಾಡಿ, ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಟ್ಟಿ ನಿಂತ ಮೇಲೆ ಆಫ್ ಮಾಡಿ. ಹೀಗೆ ಐದು ಸಲ. ಸೆಲ್ಫ್ ಹೊಡೆಯಬೇಡಿ. ಪ್ರತಿ ಜೋಡಣೆಯ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ಒಸರು ಕಾಗದದಲ್ಲಿ ಕಾಣುತ್ತದೆ.

ಗೇಜ್ ನೋಡಿ. ಪಂಪ್ ನಿಂತ ಮೇಲೆ ಒತ್ತಡ ನಿಧಾನವಾಗಿ ಇಳಿಯುವುದು ಸಹಜ, ಒಂದೆರಡು ನಿಮಿಷದಲ್ಲಿ ಸೊನ್ನೆಗೆ ಬರುವುದು ಸಹಜವಲ್ಲ. ಹೊರಗೆ ಎಲ್ಲೂ ಸೋರದೆ ಹೀಗಾದರೆ ಪಿಂಚ್ ಕ್ಲಾಂಪಿನಿಂದ ರಿಟರ್ನ್ ಹೋಸನ್ನು ಮೃದುವಾಗಿ ಒತ್ತಿ ಹಿಡಿಯಿರಿ. ಒತ್ತಡ ಇಳಿಯುವುದು ನಿಂತರೆ ತಪ್ಪು ರೆಗ್ಯುಲೇಟರಿನದು. ನಿಲ್ಲದಿದ್ದರೆ ಗೇಜಿಗಿಂತ ಹಿಂದಿನ ಫೀಡ್ ಹೋಸನ್ನು ಒತ್ತಿ. ಈಗ ನಿಂತರೆ ಚೆಕ್ ವಾಲ್ವ್ ಅಥವಾ ಟ್ಯಾಂಕಿನೊಳಗಿನ ಹೋಸ್. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್. ರಿಟರ್ನ್ ಒತ್ತಿ ಹಿಡಿದಾಗ ಪಂಪ್ ಓಡಿಸಬೇಡಿ.

ಎಲ್ಲ ಒಣಗಿದ್ದರೆ ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತರೆ ಒತ್ತಡ ಸುಮಾರು ಅರ್ಧ ಬಾರ್ ಏರಬೇಕು. ರೇಡಿಯೇಟರ್ ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಬಿಟ್ಟು ಮತ್ತೆ ಕಾಗದ ಒತ್ತಿ. ಬಿಸಿಗೆ ಸೋರುವ ಜೋಡಣೆ ಬೇರೆ, ತಣ್ಣಗಾದಾಗ ಸೋರುವುದು ಬೇರೆ. ಆದ್ದರಿಂದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲೇ, ಇನ್ನೊಮ್ಮೆ ನೋಡಿ.

## ಆಮೇಲಿನ ತಪಾಸಣೆ

100 ಕಿ.ಮೀ. ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಕ್ಲಾಂಪ್‌ಗಳನ್ನು ಒಮ್ಮೆ ಪರೀಕ್ಷಿಸಿ. ರಬ್ಬರ್ ಕೂತು ಸಡಿಲವಾದದ್ದನ್ನು ಮಾತ್ರ ಕಾಲು ಸುತ್ತು ಬಿಗಿಯಿರಿ. ಎಥನಾಲ್ ಹಳೆಯ ಟ್ಯಾಂಕಿನ ಅಂಟನ್ನು ಕರಗಿಸಿ ತರುವುದರಿಂದ 1000 ಕಿ.ಮೀ.ಗೆ ಫಿಲ್ಟರ್ ಮತ್ತೊಮ್ಮೆ ಬದಲಿಸಿ. ತೆಗೆದ ಫಿಲ್ಟರನ್ನು ಬಿಳಿ ತಟ್ಟೆಗೆ ಒಳಬಾಯಿಯಿಂದ ಬಸಿಯಿರಿ. ಕಂದು ಪುಡಿ ಬಂದರೆ ಟ್ಯಾಂಕ್ ತುಕ್ಕು ಹಿಡಿಯುತ್ತಿದೆ. ಕಪ್ಪು ರಬ್ಬರ್ ಚೂರು ಬಂದರೆ ಟ್ಯಾಂಕಿನೊಳಗಿನ ಹೋಸ್ ಮುಳುಗುವ ದರ್ಜೆಯದಲ್ಲ. ಕಾರು ಓಡಿಸುವುದು ನಿಲ್ಲಿಸಿ, ಐದನೆಯ ಹಂತಕ್ಕೆ ಮರಳಿ.